ಗೆರೆಯ ಭಾಮೆ, ಮಾತಿನ ಭಾಮೆ

ಜಹೀರಾಬಾದ್ ಮಗ್ಗುಲ ಪಸ್ತಾಪುರದಂಥ ಊರುಗಳಲ್ಲಿ ಕನ್ನಡ ಮನೆಯವರಿಗೂ ತೆಲುಗು ಸಿನಿಮಾ ಹೊರಗಿನದಲ್ಲ. ಹಾಗಾಗಿ ಬಾಪು ನಿರ್ದೇಶಿಸಿದ ‘ಪೆಳ್ಳಿ ಪುಸ್ತಕಂ’ (1991) ಬಗ್ಗೆ ಸಲುಗೆಯಿಂದಲೇ ತಕರಾರು ತೆಗೆಯಬಹುದು.

ಬಾಪು ಮೂಲತಃ ವ್ಯಂಗ್ಯಚಿತ್ರಕಾರ. ಗೆಳೆಯ ಮುಳ್ಳಪೂಡಿ ವೆಂಕಟರಮಣ ಹಾಸ್ಯಲೇಖಕ. ರಮಣರ ‘ಬುಡುಗು’ ಪುಸ್ತಕದ ತುಂಟ ಹುಡುಗನಿಗೆ ಮುಖ ಕೊಟ್ಟಿದ್ದು ಬಾಪು ಗೆರೆಯೇ. ಆ ಜೋಡಿಕೆಲಸವೇ ತೆರೆಗೂ ಬಂತು.

‘ಪೆಳ್ಳಿ ಪುಸ್ತಕಂ’ ಕಥೆ 1955ರ ‘ಮಿಸ್ಸಮ್ಮ’ ಚಿತ್ರದ ತಿರುವುಮುರುವು. ಅಲ್ಲಿ ಮದುವೆಯಾಗದವರು ನೌಕರಿಗಾಗಿ ದಂಪತಿಯ ವೇಷ ಹಾಕುತ್ತಾರೆ. ಇಲ್ಲಿ ಗಂಡ ಹೆಂಡತಿ ಮದುವೆಯೇ ಆಗಿಲ್ಲವೆಂದು ನಟಿಸುತ್ತಾರೆ. ಕಟ್ಟಿದ ತಾಳಿಯನ್ನೇ ಬಚ್ಚಿಡಬೇಕಾದವರ ಪಾಡು ಎಂದರೆ ನಗೆಗೆ ಅದಕ್ಕಿಂತ ಬೇರೆ ಬಂಡವಾಳ ಬೇಕೆ? ಗಂಡನ ಪಾತ್ರದ ರಾಜೇಂದ್ರ ಪ್ರಸಾದ್ ಇದನ್ನು ಅಬ್ಬರವಿಲ್ಲದೆ, ಹುಬ್ಬು ಕುಣಿಸಿಯೇ ದಾಟಿಸುತ್ತಾರೆ.

ನಾಯಕ ಕೃಷ್ಣಮೂರ್ತಿ, ನಾಯಕಿ ಸತ್ಯಭಾಮ (ದಿವ್ಯವಾಣಿ). ಹೆಸರು ಕೇಳಿದ ಕೂಡಲೇ ಪಾರಿಜಾತದಾಟ ಕಂಡವರು ಮುನಿಸಿಗೆ ಕಾಯುತ್ತಾರೆ. ಮುನಿಸೂ ಬರುತ್ತದೆ, ಆದರೆ ಸ್ವಲ್ಪ ಹೆಚ್ಚೇ ಹೊತ್ತು ಕೂರುತ್ತದೆ. ನನ್ನ ತಕರಾರು ಅದಲ್ಲ. ಬಾಪು ಕ್ಯಾಮೆರಾ ದಿವ್ಯವಾಣಿಯನ್ನು ಅವರದೇ ಕುಂಚದ ಹೆಣ್ಣುಗಳಂತೆ ಕೂರಿಸುತ್ತದೆ: ದೊಡ್ಡ ಕಣ್ಣು, ಉದ್ದ ಜಡೆ, ಕತ್ತಿನ ಒಂದು ಓರೆ. ಕಣ್ಣಿಗೆ ಹಬ್ಬ, ನಿಜ. ಹಾಗೆ ಕೂತಷ್ಟು ಹೊತ್ತೂ ಆಕೆ ಗೋಡೆಗೆ ಹಾಕಿದ ಪಟ. ರಮಣರ ಚುರುಕು ಮಾತು ಬಾಯಿಗೆ ಬಂದಾಗಲೇ ಭಾಮೆ ಎದ್ದು ಓಡಾಡುವುದು. ಚಿತ್ರಕಾರ ನಿಲ್ಲಿಸಿದವಳನ್ನು ಬರಹಗಾರ ಬಿಡಿಸಿಕೊಳ್ಳುತ್ತಾನೆ.

ಪಸ್ತಾಪುರದಲ್ಲಿ ಕೂತು ಹೀಗನ್ನಿಸುವುದಕ್ಕೆ ಕಾರಣವಿದೆ. ಇಲ್ಲಿಯ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘದ ಹೆಣ್ಣುಮಕ್ಕಳು ತಾವೇ ಕ್ಯಾಮೆರಾ ಹಿಡಿದು ವರಂಗಲ್‌ನ ಬಿಟಿ ಹತ್ತಿ ರೈತರ ಸಂಕಟವನ್ನು ಚಿತ್ರ ಮಾಡಿದವರು. ಹೆಣ್ಣು ಚೌಕಟ್ಟಿನ ಹಿಂದೆ ನಿಂತಿದ್ದನ್ನು ಕಂಡ ಊರಿಗೆ, ಒಳಗೆ ಸುಮ್ಮನೆ ಕೂತವಳು ಸಾಲುವುದಿಲ್ಲ.

ಆರುದ್ರ ಬರೆದು ಕೆ.ವಿ. ಮಹಾದೇವನ್ ರಾಗ ಹಾಕಿದ ಮದುವೆ ಹಾಡಿನ ಬಗ್ಗೆ ಮಾತೇ ಬೇಡ. ತೆಲುಗು ಮದುವೆಮನೆಗಳು ಎಂದೋ ತೀರ್ಪು ಕೊಟ್ಟಾಗಿದೆ.

ಎರಡು ವರ್ಷದ ನಂತರದ ‘ಮಿಸ್ಟರ್ ಪೆಳ್ಳಾಂ’ನಲ್ಲಿ ಇದೇ ಬಾಪು–ರಮಣ ಜೋಡಿ ಗಂಡನನ್ನು ಅಡುಗೆಮನೆಗೆ, ಹೆಂಡತಿಯನ್ನು ಆಫೀಸಿಗೆ ಕಳಿಸಿತು. ಅತ್ಯುತ್ತಮ ತೆಲುಗು ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಸಿಕ್ಕಿತು. ಅಲ್ಲಿ ನಾಯಕಿ ಆಮನಿಗೆ ಭಂಗಿ ಕಡಿಮೆ, ಕೆಲಸ ಹೆಚ್ಚು. ಚೆಲುವಿಗೆ ಮೊದಲನೆಯದು ಸರಿ. ನಗೆಗೆ ನಾನು ಎರಡನೆಯದನ್ನೇ ಹಾಕಿಕೊಳ್ಳುವುದು.