ಹೊಲದಲ್ಲೇ ನಡೆಯುವ ಪಾಠ

ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ಅಳೆಯುವುದು ಹೇಗೆ? ಎಷ್ಟು ತರಬೇತಿ ನಡೆದವು, ಹಾಜರಿ ಪುಸ್ತಕದಲ್ಲಿ ಎಷ್ಟು ಸಹಿ ಬಿದ್ದವು ಎಂದು ಎಣಿಸಿದರೆ ಸಾಲದು. ವಿಜ್ಞಾನಿ ಬಾರದ ವರ್ಷವೂ ರೈತರು ಸ್ವಂತ ಬುದ್ಧಿಯಿಂದ ಸರಿಯಾದ ತೀರ್ಮಾನಕ್ಕೆ ಬರುತ್ತಾರೆಯೇ ಎಂಬುದನ್ನು ನೋಡಬೇಕು.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿರುವ ಈ ಕೇಂದ್ರದ ಕೈಯಲ್ಲಿರುವ ಒಳ್ಳೆಯ ಸಾಧನ ಮುಂಚೂಣಿ ಪ್ರಾತ್ಯಕ್ಷಿಕೆ. ಹೊಲವೂ ರೈತನದೇ, ದುಡಿಮೆಯೂ ರೈತನದೇ. ಸಾಮಾನ್ಯವಾಗಿ ಒಂದೆಕರೆಯಲ್ಲಿ ಹೊಸ ತಳಿ, ಹೊಸ ಕ್ರಮ. ಅದಕ್ಕೆ ಹೋಲಿಸಲು ರೂಢಿಯ ಬೆಳೆ. ಕೊಯ್ಲಿನ ಹೊತ್ತಿಗೆ ಕ್ಷೇತ್ರೋತ್ಸವ. ಸಭಾಂಗಣದ ಭಾಷಣಕ್ಕೆ ಈ ಬಲವಿಲ್ಲ: ನೆರೆಯವರ ಪೈರನ್ನು ಮೊಳಕೆಯಿಂದ ತೆನೆಯವರೆಗೆ ಊರೇ ಕಂಡಿರುತ್ತದೆ.

ರಾಗಿಯನ್ನೇ ನೋಡಿ. ಮಳೆ ಬೇಗ ಹಿಡಿದರೆ ಎಂಆರ್-6ರಂಥ ದೀರ್ಘಾವಧಿ ತಳಿ ಬಿತ್ತಬಹುದು. ಬಿತ್ತನೆ ಆಗಸ್ಟ್‌ಗೆ ಜಾರಿದರೆ ಜಿಪಿಯು-48ರಂಥ ಅಲ್ಪಾವಧಿ ತಳಿಯೇ ಗತಿ. ಬೆಂಕಿ ರೋಗದ ಕಾಟವಿದ್ದಲ್ಲಿ ಜಿಪಿಯು-28 ಹೆಚ್ಚು ತಾಳಿಕೊಳ್ಳುತ್ತದೆ. ಹೀಗೆ ಮಳೆ, ಮಣ್ಣು, ರೋಗ ಮೂರನ್ನೂ ತೂಗಿ ತಳಿ ಆರಿಸುವುದನ್ನು ಕಲಿತ ರೈತಮಹಿಳೆ ಮುಂದಿನ ವರ್ಷ ಯಾರ ಬಾಗಿಲನ್ನೂ ತಟ್ಟಬೇಕಿಲ್ಲ. ಉಚಿತ ಬೀಜದ ಚೀಲವಷ್ಟೇ ಕೈಗೆ ಬಂದಿದ್ದರೆ ಚೀಲ ಮುಗಿದಲ್ಲಿಗೆ ಪಾಠವೂ ಮುಗಿಯುತ್ತದೆ.

ಕೊರತೆ ಇರುವುದು ಬೆಂಬಿಡದ ಒಡನಾಟದಲ್ಲಿ. ಕೃಷಿ ವಿಜ್ಞಾನ ಕೇಂದ್ರವೊಂದಕ್ಕೆ ಮಂಜೂರಾಗುವುದು ಒಬ್ಬ ಮುಖ್ಯಸ್ಥರು, ಆರು ವಿಷಯ ತಜ್ಞರು. ಈ ಕೇಂದ್ರದ ವ್ಯಾಪ್ತಿಯಲ್ಲಿ ಹೊಸಕೋಟೆಯ ತರಕಾರಿ, ದೇವನಹಳ್ಳಿಯ ದ್ರಾಕ್ಷಿ, ನೆಲಮಂಗಲದ ರಾಗಿ, ಜೊತೆಗೆ ರೇಷ್ಮೆ, ಹೈನು: ಇಷ್ಟನ್ನೂ ಅಷ್ಟೇ ಜನ ನೋಡಬೇಕು. ಎಲೆ ಮುದುಡಿದ ದಿನ ರೈತ ಓಡುವುದು ಹತ್ತಿರದ ಔಷಧಿ ಅಂಗಡಿಗೆ. ಅಲ್ಲಿ ಸಲಹೆ ಕೊಡುವವರೂ ಮಾರುವವರೂ ಒಬ್ಬರೇ. ಅಂಗಡಿಯವರಿಗೇ ಒಂದು ವರ್ಷದ ಡಿಪ್ಲೊಮಾ ತರಬೇತಿ ಕೊಡುವ ಕೇಂದ್ರ ಸರ್ಕಾರದ ಯೋಜನೆ ಈ ಕಾರಣಕ್ಕೇ ಮುಖ್ಯ. ಆದರೂ ಹೊಲಕ್ಕೆ ಬರುವ ತಜ್ಞರ ಜಾಗವನ್ನು ಅದು ತುಂಬಲಾರದು.

ಮಾರ್ಗದರ್ಶನ ಒಮ್ಮುಖವಾಗಲೂಬಾರದು. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು ಹಾಕುವ ಅಕ್ಕಡಿ ಸಾಲು ಇಲ್ಲಿನ ರೈತರದೇ ತಿಳಿವಳಿಕೆ. ಮಳೆ ಕೈಕೊಟ್ಟು ಒಂದು ಬೆಳೆ ಹೋದರೂ ಇನ್ನೊಂದು ಮನೆಗೆ ಬರುತ್ತದೆ. ಬರೀ ರಾಗಿಯ ಇಳುವರಿಯನ್ನು ತೂಗುವ ಪ್ರಾತ್ಯಕ್ಷಿಕೆ ಈ ಲೆಕ್ಕವನ್ನು ಬಿಟ್ಟುಬಿಡುತ್ತದೆ.

ಪ್ರಾತ್ಯಕ್ಷಿಕೆಯ ಪದ್ಧತಿ ಗಟ್ಟಿಯಾಗಿದೆ, ಉಳಿಸಿಕೊಳ್ಳತಕ್ಕದ್ದು. ಅದಕ್ಕೆ ಬೇಕಿರುವುದು ಹೆಚ್ಚು ತಜ್ಞರು, ಮತ್ತು ಅದೇ ಹೊಲಕ್ಕೆ ಎರಡನೇ, ಮೂರನೇ ಹಂಗಾಮಿನಲ್ಲೂ ಮರಳಿ ಹೋಗುವ ಕಟ್ಟುಪಾಡು. ಸರ್ಕಾರವೂ ವಿಶ್ವವಿದ್ಯಾಲಯವೂ ಇದಕ್ಕೆ ಹಣ ಒದಗಿಸಬೇಕು.