ಊರು ತೋರಿಸುವ ಕನ್ನಡ: ಹೆಬ್ಬಾಳ–ಯಲಹಂಕ ಸಂಚಾರವೊಂದರ ವಿಮರ್ಶೆ

ಪಟ್ಟಣವನ್ನು ಬಲ್ಲವನೊಬ್ಬನಿಗೆ ಸಂಭಾವನೆ ಕೊಟ್ಟು, ಅವನ ಬಾಯಿಂದ ತನ್ನ ಭಾಷೆಯಲ್ಲಿಯೇ ವಿವರಣೆಯನ್ನು ಕೇಳುತ್ತ ಆ ಪಟ್ಟಣವನ್ನು ಸುತ್ತಿನೋಡುವ ಪದ್ಧತಿಯು ಬೆಂಗಳೂರಿನಲ್ಲಿ ಈಚೆಗೆ ಬಳಕೆಗೆ ಬರುತ್ತಿದೆ. ಇಂಥ ಸಂಚಾರಗಳು ಇಲ್ಲಿ ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯುವುವಾದರೂ ಕೇಳಿಕೊಂಡರೆ ಕನ್ನಡದಲ್ಲಿ ಹೇಳುವವರೂ ದೊರೆಯುತ್ತಾರೆ. ಈ ವಿವರಣೆಯನ್ನು ವಾಙ್ಮಯದ ಒಂದು ಪ್ರಕಾರವೆಂದೆಣಿಸಿ ಅದರ ಗುಣದೋಷಗಳನ್ನು ವಿಚಾರಮಾಡುವುದು ವಾಚಕರಲ್ಲಿ ಕೆಲವರಿಗೆ ವಿನೋದವಾಗಿ ತೋರಬಹುದು. ಆದರೆ ಹರಿಕಥೆಯನ್ನೂ ಗಮಕವನ್ನೂ ವಿಮರ್ಶೆಗೆ ತಕ್ಕ ವಸ್ತುಗಳೆಂದು ಒಪ್ಪುವ ನಾವು, ಕಲ್ಲಿನ ಮುಂದೆ ನಿಂತು ಅದರ ವೃತ್ತಾಂತವನ್ನು ಹೇಳುವವನ ಗದ್ಯವನ್ನು ಮಾತ್ರ ಕೈಬಿಡುವುದಕ್ಕೆ ಕಾರಣವಿಲ್ಲ. ಶಾಲೆಯನ್ನು ಬಿಟ್ಟ ಮೇಲೆ ಶಾಸನವೆಂಬ ಮಾತನ್ನು ಎಷ್ಟೋ ಜನ ಕೇಳುವುದು ಇವನ ಬಾಯಿಂದಲೇ.

ಪದ್ಧತಿಯು ಹೊಸದೆಂದು ತೋರಿದರೂ ಹೊಸದಲ್ಲ. ಕಾಶಿಗೂ ಗಯೆಗೂ ಹೋದ ನಮ್ಮ ಹಿರಿಯರು ಕನ್ನಡವನ್ನು ಬಲ್ಲ ಕ್ಷೇತ್ರಪುರೋಹಿತರನ್ನು ಹುಡುಕಿಕೊಂಡು ಹೋಗುತ್ತಿದ್ದರು. ಘಟ್ಟಗಳ ಹೆಸರು, ದಾನದ ಕ್ರಮ, ಸ್ಥಳದ ಮಹಿಮೆ ಎಲ್ಲವನ್ನೂ ಅವರಿಂದ ಕನ್ನಡದಲ್ಲಿಯೇ ಕೇಳಿ ತಿಳಿಯುತ್ತಿದ್ದರು. ಆದರೆ ಅಲ್ಲಿಗೂ ಇಲ್ಲಿಗೂ ಒಂದು ಭೇದವುಂಟು. ಕಾಶಿಯಲ್ಲಿ ಕನ್ನಡವು ಅರ್ಥವನ್ನು ಸಾಗಿಸುವ ವಾಹನವೇ ಹೊರತು ಸ್ಥಳಕ್ಕೂ ಅದಕ್ಕೂ ಸಂಬಂಧವಿಲ್ಲ. ಹೆಬ್ಬಾಳದಲ್ಲಿ ಹಾಗಲ್ಲ. ಇಲ್ಲಿ ಊರಿನ ಹೆಸರು, ಕೆರೆಯ ಅಂಗಗಳು, ವೀರಗಲ್ಲಿನ ಬರವಣಿಗೆ ಇವೆಲ್ಲ ಕೇಳುವವನ ಭಾಷೆಯಲ್ಲಿಯೇ ಇರುವುದರಿಂದ, ಕನ್ನಡವು ವಿವರಣೆಯ ವಾಹನವೂ ಹೌದು, ವಿವರಿಸಬೇಕಾದ ವಸ್ತುವೂ ಹೌದು. ಈ ಎರಡನೆಯ ಅಂಶವನ್ನು ಮರೆತ ವಿವರಣೆಯು ಎಷ್ಟೇ ನಿರರ್ಗಳವಾಗಿದ್ದರೂ ಕನ್ನಡದ ವಿವರಣೆಯಾಗಲಾರದು.

ಕಳೆದ ಮಾಘಮಾಸದಲ್ಲಿ, ಧಾರವಾಡದಿಂದ ಬಂದಿದ್ದ ಇಬ್ಬರು ಅಧ್ಯಾಪಕ ಮಿತ್ರರೊಡನೆ ನಾವು ಇಂಥದೊಂದು ಸಂಚಾರವನ್ನು ಕೈಕೊಂಡೆವು. ಮೇಖ್ರಿ ವೃತ್ತದ ಬಳಿಯ ಗೋಪುರದಿಂದ ಹೊರಟು ಹೆಬ್ಬಾಳ, ಜಕ್ಕೂರು, ಅಲ್ಲಾಳಸಂದ್ರಗಳನ್ನು ನೋಡಿಕೊಂಡು ಯಲಹಂಕದ ಹಳೆಯ ಊರನ್ನು ಸೇರುವುದೆಂದು ಗೊತ್ತಾಗಿತ್ತು. ನಮ್ಮ ಮಾರ್ಗದರ್ಶಿಯು ಸುಮಾರು ಮೂವತ್ತು ವರ್ಷದ ತರುಣ. ವಿನಯಶೀಲ, ಕಂಠವೂ ಚೆನ್ನಾಗಿತ್ತು. ಅವನ ಹೆಸರು ಪ್ರಕೃತಕ್ಕೆ ಅನಾವಶ್ಯಕ. ಮುಂದೆ ಹೇಳುವ ದೋಷಗಳು ಅವನೊಬ್ಬನವಲ್ಲ, ಅವನು ಕಲಿತುಕೊಂಡ ರೀತಿಯವು.

ಗೋಪುರದ ಬಳಿ ಅವನು ಮಾಡಿದ ಪೀಠಿಕೆಯಲ್ಲಿ 'ಅಡಗಿರುವ ರತ್ನ' ಎಂಬ ಮಾತು ಮೂರು ಸಲ ಬಂದಿತು. 'ಬನ್ನಿ, ಕಾಲದಲ್ಲಿ ಹಿಂದಕ್ಕೆ ಪ್ರಯಾಣ ಮಾಡೋಣ' ಎಂದನು. 'ಈ ಗೋಡೆಗಳು ನಿಮ್ಮೊಡನೆ ಮಾತಾಡುತ್ತವೆ' ಎಂದನು. ಒಂದೊಂದು ಶಬ್ದವೂ ಕನ್ನಡವೇ, ಆದರೆ ವಾಕ್ಯವು ಕನ್ನಡವಲ್ಲ. ಅವನ ಕೈಯಲ್ಲಿದ್ದ ಟಿಪ್ಪಣಿಯ ಪುಸ್ತಕವು ಮೊದಲಿನಿಂದ ಕೊನೆಯವರೆಗೆ ಇಂಗ್ಲಿಷಿನಲ್ಲಿತ್ತೆಂಬುದನ್ನು ನೋಡಿದ ಮೇಲೆ ಇದಕ್ಕೆ ಕಾರಣವು ಸ್ಪಷ್ಟವಾಯಿತು. ಇಂಗ್ಲಿಷಿನವರಿಗಾಗಿ ಸಿದ್ಧಪಡಿಸಿದ ಪಾಠವನ್ನು ನಿಂತ ನಿಲುವಿನಲ್ಲಿ ಕನ್ನಡಕ್ಕೆ ತಿರುಗಿಸುತ್ತ ಅವನು ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದನು.

ಇದು ಕೇವಲ ಶೈಲಿಯ ದೋಷವೆಂದು ಬಿಟ್ಟುಬಿಡಬಹುದಾಗಿತ್ತು. ದಂಡಿಯು ಮಹಾಕಾವ್ಯದ ವರ್ಣನೆಗಳನ್ನು ಎಣಿಸುವಾಗ ನಗರವನ್ನೇ ಮೊದಲು ಹೇಳಿದ್ದಾನೆ. ನಮ್ಮ ಚಂಪೂಕಾರರು ಆ ವಿಧಿಯನ್ನು ತಲೆಯ ಮೇಲೆ ಹೊತ್ತು ಮಾಡಿದ ಪುರವರ್ಣನೆಗಳಲ್ಲಿ ಅನೇಕವು ಅಯೋಧ್ಯೆಗೆ ಎಷ್ಟು ಸಲ್ಲುವುವೋ ಅಳಕಾಪುರಿಗೂ ಅಷ್ಟೇ ಸಲ್ಲುವುವು. ಎಲ್ಲ ಊರಿಗೂ ಹೊಂದುವ ವರ್ಣನೆಯು ಯಾವ ಊರಿನದೂ ಅಲ್ಲ. 'ಅಡಗಿರುವ ರತ್ನ'ವೂ ಅಂಥದೇ ಪುರವರ್ಣನೆ, ಅಲಂಕಾರವೊಂದು ಕಡಮೆ. ಕನ್ನಡದಲ್ಲಿಯೇ ಇದಕ್ಕೆ ಪ್ರತಿಯಾದ ಇನ್ನೊಂದು ಮಾದರಿಯುಂಟು. ಅದು ಶಾಸನದ ಗದ್ಯ. ಯಾರು ಆಳುತ್ತಿರಲು, ಯಾವ ನಾಡಿನಲ್ಲಿ, ಯಾರ ಮಗನಾದ ಯಾರು, ಏನು ಮಾಡಿದನು ಎಂದು ಹೇಳಿ ಅದು ಸುಮ್ಮನಾಗುತ್ತದೆ. ಊರು ತೋರಿಸುವವನಿಗೆ ಇದಕ್ಕಿಂತ ಒಳ್ಳೆಯ ಗುರುವಿಲ್ಲ.

ಆದರೆ ದೋಷವು ಶೈಲಿಯಲ್ಲಿಯೇ ನಿಲ್ಲಲಿಲ್ಲ. ಬೆಂಗಳೂರಿನ ಹೆಸರಿನ ಪ್ರಸ್ತಾಪ ಬಂದಾಗ ನಮ್ಮ ತರುಣನು ವೀರಬಲ್ಲಾಳ, ಕಾಡಿನ ಮುದುಕಿ, ಬೆಂದ ಕಾಳು, ಬೆಂದಕಾಳೂರು ಎಂಬ ಕಥೆಯನ್ನು ಸವಿಸ್ತಾರವಾಗಿ ಹೇಳಿ ಮುಗಿಸಿದನು. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ. ಶ. 890ರ ಗಂಗರ ಕಾಲದ ವೀರಗಲ್ಲಿನಲ್ಲಿಯೇ ಬೆಂಗಳೂರೆಂಬ ಹೆಸರಿದೆ. ಬಲ್ಲಾಳನಾದರೋ 12ನೆಯ ಶತಮಾನದ ಕಡೆಯವನು. ಆದುದರಿಂದ ಕಥೆಯು ಹೆಸರಿಗೆ ಕಾರಣವಾಗಲಾರದು; ಹೆಸರು ಕಥೆಗೆ ಕಾರಣವಾಯಿತು. ಮಿತ್ರರೊಬ್ಬರು ಈ ಶಾಸನದ ಮಾತನ್ನೆತ್ತಲು, ತರುಣನು ಕೊಟ್ಟ ಉತ್ತರವು ನಮ್ಮನ್ನು ಬೆರಗುಗೊಳಿಸಿತು: "ಗೊತ್ತು, ಗುರುಗಳೆ. ಇಂಗ್ಲಿಷಿನಲ್ಲಿ ಹೇಳುವಾಗ ಅದನ್ನೇ ಹೇಳುತ್ತೇನೆ. ನಮ್ಮವರಿಗೆ ಕಥೆ ಇಷ್ಟವಾಗುತ್ತದೆ."

ಈ ಲೇಖನಕ್ಕೆ ಹೇತುವಾದುದು ಈ ಒಂದು ಮಾತೇ. ಪರದೇಶದವನಿಗೆ ಪ್ರಮಾಣ, ನಮ್ಮವರಿಗೆ ಐತಿಹ್ಯ! ಐತಿಹ್ಯವನ್ನು ನಾವು ನಿಂದಿಸುತ್ತಿಲ್ಲ. ಪೌರಾಣಿಕರು ಅದನ್ನು ಪ್ರತ್ಯೇಕ ಪ್ರಮಾಣವೆಂದೇ ಎಣಿಸಿದ್ದಾರೆ. ಆಲದ ಮರದಲ್ಲಿ ಯಕ್ಷನಿರುವನೆಂಬುದು ಅದಕ್ಕೆ ಶಾಸ್ತ್ರಗಳಲ್ಲಿ ಕೊಡುವ ಪ್ರಸಿದ್ಧವಾದ ಉದಾಹರಣೆ. ನೈಯಾಯಿಕರು ಮಾತ್ರ, ಮೊದಲು ಹೇಳಿದವನು ಆಪ್ತನೆಂದು ತಿಳಿದರೆ ಅದು ಶಬ್ದಪ್ರಮಾಣದಲ್ಲಿಯೇ ಅಡಗುವುದೆಂದೂ ತಿಳಿಯದಿದ್ದರೆ ಪ್ರಮಾಣವೇ ಅಲ್ಲವೆಂದೂ ತೀರ್ಮಾನಿಸಿದರು. ಕಥೆಯನ್ನು ಕಥೆಯೆಂದು ಹೇಳಿದರೆ ಅದಕ್ಕೂ ಒಂದು ಬೆಲೆಯುಂಟು. ಪ್ರಮಾಣವು ಕೈಯಲ್ಲಿರುವಾಗಲೂ ಅದನ್ನು ಮುಚ್ಚಿಟ್ಟು ಕಥೆಯನ್ನೇ ಕೊಡುವುದು, ಕೇಳುವವನ ಬುದ್ಧಿಯ ವಿಷಯದಲ್ಲಿ ಮೊದಲೇ ಒಂದು ತೀರ್ಪನ್ನು ಕೊಟ್ಟಂತೆ. ತನ್ನ ಭಾಷೆಯಲ್ಲಿ ಕೇಳಬಯಸಿದನೆಂಬ ಒಂದೇ ಕಾರಣದಿಂದ ಆ ಮನುಷ್ಯನು ಕಡಮೆ ತಿಳಿದವನೆಂದು ಭಾವಿಸುವುದು ತರುಣನಲ್ಲಿ ದುರ್ಬುದ್ಧಿಯಿಂದ ಹುಟ್ಟಿದುದಲ್ಲ. ನಮ್ಮ ಕಾಲೇಜುಗಳಲ್ಲಿಯೂ ಈ ಭಾವನೆ ಇಲ್ಲವೆಂದು ಎದೆಯ ಮೇಲೆ ಕೈಯಿಟ್ಟು ಹೇಳುವ ಅಧ್ಯಾಪಕರು ಯಾರಾದರೂ ಇದ್ದರೆ ಅವರಿಗೆ ನಮ್ಮ ನಮಸ್ಕಾರ.

ಹೆಬ್ಬಾಳವನ್ನು ಕುರಿತು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. 2018ರಲ್ಲಿ ಈ ಊರಿನಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂದಿತು. ರೈಸ್ ಸಾಹೇಬರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ 9ನೆಯ ಸಂಪುಟವಾಗಿ 1905ರಲ್ಲಿಯೇ ಪ್ರಕಟಿಸಿದ್ದರೂ ಇದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಬೆಂಗಳೂರಿನ ಶಾಸನಗಳನ್ನು ಹುಡುಕಿ ಉಳಿಸುವುದಕ್ಕೆ ಶ್ರೀ ಪಿ. ಎಲ್. ಉದಯಕುಮಾರರೂ ಅವರ ಸಂಗಡಿಗರೂ ಪಟ್ಟ ಶ್ರಮದಿಂದ ಅದಕ್ಕೆ ರಕ್ಷಣೆ ದೊರೆಯಿತು. ಆಮೇಲೆ ಮಂಟಪವನ್ನೂ ಕಟ್ಟಿದರು. ಲಿಪಿಯನ್ನು ನೋಡಿ ವಿದ್ವಾಂಸರು ಇದನ್ನು ಸುಮಾರು ಕ್ರಿ. ಶ. 750ಕ್ಕೆ ಸೇರಿಸಿದ್ದಾರೆ. ಗಂಗರ ಶ್ರೀಪುರುಷನು ರಾಜ್ಯವಾಳುತ್ತಿರಲು, ಪೆರ್ಬೊೞಲ್ನಾಡು ಮೂವತ್ತರಲ್ಲಿ, ಕಿತ್ತಯನೆಂಬವನು ರಾಷ್ಟ್ರಕೂಟರ ಕಡೆಯ ದಾಳಿಯಲ್ಲಿ ಕಾದಿ ಮಡಿದನೆಂಬುದು ಅದರ ತಾತ್ಪರ್ಯ. ಕೆಂಪೇಗೌಡನು ಬೆಂಗಳೂರಿನ ಕೋಟೆಯನ್ನು ಕಟ್ಟಿಸಿದನೆಂದು ಹೇಳುವ 1537ಕ್ಕಿಂತ ಇದು ಸುಮಾರು ಎಂಟುನೂರು ವರ್ಷ ಹಿಂದಿನದು.

ತರುಣನು ಕಾಲವನ್ನೂ ರಾಜನ ಹೆಸರನ್ನೂ ಸರಿಯಾಗಿಯೇ ಹೇಳಿದನು. ಕಿತ್ತಯನ ಮರಣವನ್ನು ಹೇಳುವಾಗ ಅವನ ಧ್ವನಿಯಲ್ಲಿ ನಿಜವಾದ ಗೌರವವಿತ್ತು. ಆದರೆ ಹೆಬ್ಬಾಳವೆಂಬ ಹೆಸರು ಹೆಬ್ಬಾಳೆಯ ತೋಟಗಳಿಂದ ಬಂದಿತೆಂದು, ಆ ಕಲ್ಲಿನ ಎದುರಿನಲ್ಲಿಯೇ ನಿಂತು ಹೇಳಿಬಿಟ್ಟನು! ಹೆಸರಿನ ಮೂಲವು ಅವನ ಕೈಯಳತೆಯಲ್ಲಿ ಕಲ್ಲಿನ ಮೇಲೆ ಇತ್ತು. ಪಿರಿದು ಎಂಬುದರ ಪೆರ್ ರೂಪಕ್ಕೆ, ಪಟ್ಟಣವೆಂಬರ್ಥದ ಪೊೞಲ್ ಸೇರಿ, ಉತ್ತರಪದದ ಪಕಾರಕ್ಕೆ ಬಕಾರವು ಆದೇಶವಾಗಿ ಪೆರ್ಬೊೞಲ್ ಎಂದಾಯಿತು. ಮೊದಲಿನ ಪಕಾರವು ಹಕಾರವಾಗಿ, ರೇಫೆಯು ಮುಂದಿನ ಬಕಾರದಲ್ಲಿ ಲಯವಾಗಿ, ಕೇಶಿರಾಜನು ಅಷ್ಟು ಎಚ್ಚರಿಕೆಯಿಂದ ಪಟ್ಟಿಮಾಡಿಟ್ಟ ೞಕಾರವು ಳಕಾರದಲ್ಲಿ ಬೆರೆತು, ಜನರ ಬಾಯಲ್ಲಿ ಸವೆದು ಹೆಬ್ಬಾಳವಾಯಿತು. ಇದು ಪಂಡಿತರಿಗೆ ಮಾತ್ರ ಎಟಕುವ ವಿಷಯವೆಂದು ಆಕ್ಷೇಪಿಸಬಹುದು. ಹೆಬ್ಬಾಗಿಲು, ಹೆಬ್ಬುಲಿ, ಹೆಬ್ಬೆರಳು, ಹೆಮ್ಮರ ಎಂಬ ಮಾತುಗಳನ್ನು ಅರಿಯದ ಕನ್ನಡದ ಕೂಸು ಉಂಟೆ? ನಾವು ಬಂದ ದಾರಿಯೇ ಹೆದ್ದಾರಿ! ಆ ದಾರಿಯ ಹೆಸರಿನಲ್ಲಿಯೂ ಈ ಊರಿನ ಹೆಸರಿನಲ್ಲಿಯೂ ಇರುವ 'ಹೆ' ಒಂದೇ ಎಂದು ಹೇಳುವುದಕ್ಕೆ ಒಂದು ನಿಮಿಷ ಸಾಕು. ಕೇಳಿದವನು ಅದನ್ನು ನಂಬಬೇಕಾಗಿಲ್ಲ. ತನ್ನ ಬಾಯಲ್ಲಿಯೇ ಆಡಿ ಪರೀಕ್ಷಿಸಬಹುದು. ಇಂಗ್ಲಿಷಿನಲ್ಲಿ ಕೇಳುವವನಿಗೆ ಈ ಪರೀಕ್ಷೆಯು ಸಾಧ್ಯವೇ ಇಲ್ಲ, ಅವನು ಹೇಳಿದುದನ್ನು ಒಪ್ಪಿಕೊಂಡು ಮುಂದೆ ನಡೆಯಬೇಕು. ತನ್ನ ಭಾಷೆಯಲ್ಲಿ ಊರನ್ನು ನೋಡುವವನಿಗೆ ದೊರೆಯಬೇಕಾದ ವಿಶೇಷ ಲಾಭವೇ ಇದು; ನಮ್ಮ ಸಂಚಾರದಲ್ಲಿ ದೊರೆಯದೆ ಹೋದುದೂ ಇದೇ.

ಜಕ್ಕೂರಿನ ಕೆರೆಯ ಮೇಲೆ ಇನ್ನೊಂದು ಪ್ರಸಂಗ ನಡೆಯಿತು. ತರುಣನು 'ನೀರಿನ ಹೊರಹರಿವಿನ ವ್ಯವಸ್ಥೆ' ಎಂದು ಏನನ್ನೋ ತೋರಿಸುತ್ತಿರಲು, ಏರಿಯ ಮೇಲೆ ಸೊಪ್ಪಿನ ಗಂಟನ್ನಿಳಿಸಿ ಕುಳಿತಿದ್ದ ಮುದುಕಿಯೊಬ್ಬಳು, "ಕೋಡಿ ಅನ್ನಪ್ಪ, ಅದ್ಯಾಕೆ ಅಷ್ಟುದ್ದ?" ಎಂದಳು. ನಾವು ನಕ್ಕೆವು, ತರುಣನೂ ನಕ್ಕನು. ಆಮೇಲೆ ಆಕೆಯೇ ಕೆರೆ ಕೋಡಿಬಿದ್ದಾಗ ಗಂಗಮ್ಮನಿಗೆ ಪೂಜೆ ಮಾಡುತ್ತಿದ್ದ ಕ್ರಮವನ್ನು ಹೇಳಿದಳು. ಕೆರೆ, ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಂಬ ಐದು ಮಾತುಗಳಲ್ಲಿ ಈ ಸೀಮೆಯ ನೀರಿನ ಶಾಸ್ತ್ರವೆಲ್ಲವೂ ಇದೆ. ಶಾಸನಗಳ ಮಾತೂ ಇದೇ, ಸೊಪ್ಪು ಮಾರುವವಳ ಮಾತೂ ಇದೇ. ನಡುವಿನ ನಾವು ಮಾತ್ರ ಅದನ್ನು ಕಳೆದುಕೊಂಡು 'ಹೊರಹರಿವಿನ ವ್ಯವಸ್ಥೆ'ಯನ್ನು ಕಟ್ಟಿಕೊಂಡಿದ್ದೇವೆ. ವಿವರಣೆಯು ಇಂಗ್ಲಿಷಿನಲ್ಲಿ ನಡೆದಿದ್ದರೆ ಆಕೆಯು ನಡುವೆ ಬಾಯಿಹಾಕುತ್ತಿರಲಿಲ್ಲ. ಅಲ್ಲಾಳಸಂದ್ರದಲ್ಲಿಯೂ ಅಷ್ಟೇ. ಸಂದ್ರವೆಂಬುದು ಸಮುದ್ರದ ತದ್ಭವ. ಕೆರೆಯನ್ನೇ ಸಮುದ್ರವೆಂದು ಕರೆದವರು ಆ ಹೆಸರನ್ನಿಟ್ಟರೆಂದು ಹೇಳಬೇಕಾಗಿದ್ದವನು ಅಲ್ಲಿನ ಹೊಸ ಮಹಡಿಗಳ ಎತ್ತರವನ್ನು ಹೇಳಿದನು. ದಾರಿಯಲ್ಲಿ ಆರ್. ಟಿ. ನಗರದ ಫಲಕವು ಕಂಡಾಗ, ಆ ಎರಡು ಅಕ್ಷರಗಳಲ್ಲಿ ರವೀಂದ್ರನಾಥ ಠಾಗೋರರು ಅಡಗಿರುವರೆಂದು ನಮಗೆ ತಿಳಿಸಿದವನೂ ಅವನಲ್ಲ, ನಮ್ಮ ವಾಹನದ ಚಾಲಕ.

ಯಲಹಂಕದಲ್ಲಿ ಕಂಡ ದೋಷವು ಬೇರೆಯ ಜಾತಿಯದು. ಯಲಹಂಕನಾಡ ಪ್ರಭುಗಳ ಕೀರ್ತಿಯನ್ನು ತರುಣನು ಉತ್ಸಾಹದಿಂದ ವರ್ಣಿಸಿದನು, ಅದು ಯುಕ್ತವೇ. ಆದರೆ ಆ ಪ್ರಭುಗಳಿಗಿಂತ ಎಷ್ಟೋ ಮೊದಲು, ಚೋಳರ ಆಳಿಕೆಯ ಕಾಲದಲ್ಲಿ, ಈ ಸೀಮೆಯ ತಮಿಳು ಶಾಸನಗಳು ಇದನ್ನು ಇಲೈಪ್ಪಾಕ್ಕನಾಡೆಂದು ಕರೆದಿರುವುದನ್ನು ಅವನು ಹೇಳಲಿಲ್ಲ. ಕೇಳಿದರೆ, ಕನ್ನಡದವರ ಮುಂದೆ ತಮಿಳಿನ ಮಾತೇಕೆಂದು ಸಂಕೋಚವಾಯಿತೆಂದನು. ಒಬ್ಬನಿಗಾಗಿಯೇ ನಡೆಸುವ ಸಂಚಾರದಲ್ಲಿ ಈ ಅಪಾಯವು ಸಹಜ. ಗುಂಪಿನ ಮುಂದೆ ಹೇಳುವವನಿಗೆ ಎಲ್ಲರಿಗೂ ತಿಳಿಯುವಂತೆ ಹೇಳುವ ಕಷ್ಟವಿದ್ದರೆ, ಒಬ್ಬ ಯಜಮಾನನ ಮುಂದೆ ಹೇಳುವವನಿಗೆ ಅವನನ್ನು ಮೆಚ್ಚಿಸುವ ಆಸೆಯುಂಟು. ಸ್ವಭಾಷೆಯಲ್ಲಿ ಹೇಳುವುದೆಂದರೆ ಸ್ವಜನರಿಗೆ ಇಷ್ಟವಾದುದನ್ನೇ ಹೇಳುವುದೆಂದು ಅರ್ಥವಲ್ಲ. ಇಷ್ಟಕ್ಕೂ ತಮಿಳಿನ ರೂಪವು ನಮಗೆ ಹಗೆಯಲ್ಲ, ಸಾಕ್ಷಿ. ಅಲ್ಲಿನ ಪಕಾರದ ಸ್ಥಾನದಲ್ಲಿ ಯಲಹಂಕವೆಂಬಲ್ಲಿ ಹಕಾರವಿರುವುದನ್ನು ಹೆಬ್ಬಾಳವನ್ನು ನೋಡಿ ಬಂದವನು ಥಟ್ಟನೆ ಗುರುತಿಸುವನು. ಒಂದೇ ಬೆಳಗಿನಲ್ಲಿ, ಎರಡು ಊರಿನ ಹೆಸರುಗಳಿಂದ, ಹಳಗನ್ನಡವು ನಡುಗನ್ನಡವಾದ ಪರಿಯನ್ನು ತೋರಿಸಬಹುದಾಗಿತ್ತು.

ಇದನ್ನೆಲ್ಲ ತರುಣನಿಂದಲೇ ನಿರೀಕ್ಷಿಸುವುದು ನ್ಯಾಯವಲ್ಲ. ಎಂಟನೆಯ ಶತಮಾನದ ಲಿಪಿಯನ್ನು ಓದುವುದು ನಮ್ಮಲ್ಲಿಯೇ ಎಷ್ಟು ಮಂದಿಗೆ ಬರುತ್ತದೆ? 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮಗಳಲ್ಲಿ ಚಿತ್ರಿಸಿ ಕಾಪಾಡುವ ಕಾರ್ಯವನ್ನು ಕೈಕೊಂಡಿದ್ದಾರೆ. ಸವೆದ ಕಲ್ಲಿನಲ್ಲಿ ಬರಿಗಣ್ಣಿಗೆ ಕಾಣದ ಅಕ್ಷರಗಳು ಆ ಚಿತ್ರಗಳಲ್ಲಿ ಕಾಣುತ್ತವೆ, ಕೈಯಲ್ಲಿನ ಫೋನಿನಲ್ಲಿಯೇ ಅವನ್ನು ತೋರಿಸಬಹುದು. ಅವುಗಳಿಗೆ ಪದಚ್ಛೇದ, ಅನ್ವಯ, ಹೊಸಗನ್ನಡದ ತಾತ್ಪರ್ಯ, ಸ್ಥಳನಾಮಗಳ ವಿಚಾರ ಇವುಗಳನ್ನು ಕೂಡಿಸಿ, ಮೂಲದಲ್ಲಿಯೇ ಕನ್ನಡದಲ್ಲಿ ಬರೆದ ಇಪ್ಪತ್ತು ಪುಟಗಳ ಕೈಪಿಡಿಯೊಂದನ್ನು ಹೆಬ್ಬಾಳ–ಯಲಹಂಕಗಳಿಗೆ ಸಿದ್ಧಪಡಿಸುವುದು ಅಧ್ಯಾಪಕರಿಬ್ಬರ ಒಂದು ಬೇಸಗೆಯ ಕೆಲಸ. ಅದರಲ್ಲಿ ಬೆಂದಕಾಳಿನ ಕಥೆಯೂ ಇರಲಿ, ಬೇಗೂರಿನ ಕಲ್ಲಿನ ಪಕ್ಕದ ಪುಟದಲ್ಲಿ. ಧಾರವಾಡದ ಮಿತ್ರರು ಹೆಬ್ಬಾಳದ ಭಾಗವನ್ನು ಬರೆಯಲು ಒಪ್ಪಿದ್ದಾರೆ. ಯಲಹಂಕದ ತಮಿಳು ಶಾಸನಗಳನ್ನು ಓದಿ ವಿವರಿಸಬಲ್ಲ ವಿದ್ವಾಂಸರೊಬ್ಬರು ಬೇಕಾಗಿದ್ದಾರೆ.