ಹಳೆ ಕಾರ್ನರ್‌ಗೆ ಬೆಲೆ ಕಟ್ಟುವುದು ಹೇಗೆ?

ಪ್ರೊ ಕಬಡ್ಡಿ ಹರಾಜು ಹತ್ತಿರ ಬಂದಾಗ ತಿಕೋಟಾದ ಯಾವುದಾದರೂ ಚಹಾದಂಗಡಿಯಲ್ಲಿ ಕೂತು ನೋಡಿ. ‘ಕಾಕಾ, ಬೆಂಗಳೂರು ಬುಲ್ಸ್‌ನವ್ರು ಒಬ್ಬ ರೈಡರ್‌ನ ಬಿಟ್ಟು ಫಜಲ್‌ನ ತಗೊಂಡ್ರ ಹ್ಯಾಂಗ?’ ‘ಅಂವಗ ವಯಸ್ಸಾತಲೇ ತಮ್ಮಾ!’ ಹೊಸಬರಿಗೆ ಇದು ಕೆಲಸವಿಲ್ಲದವರ ಹರಟೆ. ಆದರೆ ಆಗದ ಅದಲು-ಬದಲನ್ನು ತೂಗಿ ನೋಡದೆ ಕಬಡ್ಡಿಯ ಅರ್ಧ ರುಚಿ ಸಿಗುವುದಿಲ್ಲ.

ಮೊದಲು ಟ್ಯಾಕಲ್ ಅಂಕಗಳ ಪಟ್ಟಿ ಬದಿಗಿಡಿ. ರಕ್ಷಣೆಯ ಸಾಲಿನ ತುದಿಯಲ್ಲಿ ನಿಲ್ಲುವ ಕಾರ್ನರ್ ಆಟಗಾರನ ಕೈ ನೋಡಿ. ರೈಡರ್ ಬೋನಸ್‌ಗೆಂದು ಒಂದು ಕಾಲು ಗೆರೆ ದಾಟಿಸಿ ಇನ್ನೊಂದನ್ನು ಎತ್ತುವ ಆ ಗಳಿಗೆಗೇ ಕಾರ್ನರ್ ಕಾದಿರುತ್ತಾನೆ. ಬಗ್ಗಿ ಹಿಮ್ಮಡಿಗಂಟು ಹಿಡಿದನೋ, ಉಳಿದವರು ಬಂದು ಬೀಳುತ್ತಾರೆ. ಇದು ಆಂಕಲ್ ಹೋಲ್ಡ್. ಇದಕ್ಕೆ ಬೇಕಾದದ್ದು ಸಮಯದ ಅಂದಾಜು. ಕಾರ್ನರ್‌ನಿಂದ ಒಳಗೆ ನಿಲ್ಲುವ ಕವರ್ ಆಟಗಾರ ಎದೆಕೊಟ್ಟು ಹೊಡೆಯುವ ಡ್ಯಾಶ್‌ಗೆ ಬೇಕಾದದ್ದು ತೊಡೆಯ ಬಲ. ವಯಸ್ಸು ಮೊದಲು ತೊಡೆಗೆ ಕೈ ಹಾಕುತ್ತದೆ. ಹಾಗಾಗಿ ಹಳೆ ಕವರ್‌ಗಿಂತ ಹಳೆ ಕಾರ್ನರ್ ಹೆಚ್ಚು ಬಾಳುತ್ತಾನೆ ಎಂಬುದು ನನ್ನ ಲೆಕ್ಕ.

ಟಿವಿ ಕ್ಯಾಮೆರಾ ರೈಡರ್ ಬೆನ್ನು ಬಿಡುವುದಿಲ್ಲ. ಹಾಗಾಗಿ ಕಾರ್ನರ್‌ನನ್ನು ನೋಡಬೇಕೆಂದರೆ, ಬಬಲೇಶ್ವರದ ಕಡೆ ಎಲ್ಲಾದರೂ ಜಾತ್ರೆಯ ಪಂದ್ಯವಿದ್ದರೆ ಮಣ್ಣಿನ ಅಂಕಣದ ಮೂಲೆಗೇ ಹೋಗಿ ನಿಲ್ಲಿ. ಸಿದ್ಧೇಶ್ವರ ಜಾತ್ರೆಯ ದನದ ಪೇಟೆಯಲ್ಲಿ ಬರೀ ಹಲ್ಲು ನೋಡಿ ಯಾರೂ ದುಡ್ಡು ಎಣಿಸುವುದಿಲ್ಲ, ಎತ್ತನ್ನು ನಡೆಸಿ ನೋಡುತ್ತಾರೆ. ಇಲ್ಲೂ ಅಷ್ಟೇ: ಪಂದ್ಯದ ಕೊನೆಯ ಐದು ನಿಮಿಷ ಕಾರ್ನರ್ ಬಿದ್ದ ಮೇಲೆ ಎಷ್ಟು ಬೇಗ ಏಳುತ್ತಾನೆ ಗಮನಿಸಿ.

ಈಗ ದುಡ್ಡಿನ ಮಾತು. ಎಡ ಕಾರ್ನರ್‌ನ ಇರಾನಿ ಫಜಲ್ ಅತ್ರಾಚಲಿಗೆ 2018ರಲ್ಲಿ ಯು ಮುಂಬಾ 1 ಕೋಟಿ ಕೊಟ್ಟಿತು. 2022ರಲ್ಲಿ ಪುಣೇರಿ ಪಲ್ಟನ್ 1.38 ಕೋಟಿ, 2023ರಲ್ಲಿ ಗುಜರಾತ್ 1.60 ಕೋಟಿ. 2024ರಲ್ಲಿ ಬಂಗಾಳಕ್ಕೆ ಸಿಕ್ಕಿದ್ದು ಬರೀ 50 ಲಕ್ಷಕ್ಕೆ! ಅದೇ ಹರಾಜಿನಲ್ಲಿ ಅದೇ ದೇಶದ, ಅದೇ ಎಡ ಕಾರ್ನರ್‌ನ ಹರೆಯದ ಶಾದ್ಲೂಯಿಗೆ ಹರಿಯಾಣ 2.07 ಕೋಟಿ ಸುರಿದು ಕಪ್ ಎತ್ತಿತು. ‘ನೋಡ್ರಿ, ವಯಸ್ಸಂದ್ರ ವಯಸ್ಸು’ ಎಂದವರ ಬಾಯಿ ಮುಚ್ಚಿಸಿದ್ದು ಮುಂದಿನ ವರ್ಷ. 2025ರ ಅಕ್ಟೋಬರ್ 31ರಂದು ಪುಣೆಯನ್ನು 31-28ರಿಂದ ಸೋಲಿಸಿ ಕಪ್ ಗೆದ್ದ ದೆಹಲಿಯ ರಕ್ಷಣೆಯಲ್ಲಿ ಫಜಲ್ ಇದ್ದ, ಇನ್ನೊಬ್ಬ ಹಳಬ ಸುರ್ಜೀತ್ ಸಿಂಗ್ ಕೂಡ ಇದ್ದ.

ಒಂದು ತಂಡದ ಗಂಟು 5 ಕೋಟಿ. ಒಬ್ಬನಿಗೇ 2 ಕೋಟಿ ಹೋದರೆ ಉಳಿದದ್ದರಲ್ಲಿ ಇಡೀ ಪಡೆ ಕಟ್ಟಬೇಕು. ಹಾಗಾಗಿ ಹಳಬನನ್ನು ತೂಗುವಾಗ ತಕ್ಕಡಿಯ ಇನ್ನೊಂದು ಕಡೆ ಉಳಿದ ದುಡ್ಡಿಗೆ ಬರಬಹುದಾದ ರೈಡರ್‌ನನ್ನೂ ಕೂರಿಸಿ. ನಮ್ಮ ಬುಲ್ಸ್ ಅಭಿಮಾನಿಗಳಿಗೆ ಇದು ಕಷ್ಟ. 2019ರ ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದು ಕಪ್ ಗೆಲ್ಲಿಸಿದ ಮೇಲೆ ರೈಡರ್‌ನನ್ನು ಬಿಡುವ ಮಾತೇ ಇವರಿಗೆ ಅಪಶಕುನ.

ನಾನಾದರೆ ಹಳೆ ಕಾರ್ನರ್‌ಗಾಗಿ ರೈಡರ್‌ನನ್ನು ಬಿಡಲಾರೆ, ಒಬ್ಬ ಕವರ್‌ನನ್ನು ಬಿಟ್ಟೇನು. ಅದೂ ಆ ಕಾರ್ನರ್‌ನ ಮಗ್ಗುಲಿಗೆ ಚುರುಕು ಕಾಲಿನ ಹುಡುಗನೊಬ್ಬ ಉಳಿದಿದ್ದರೆ ಮಾತ್ರ. ಹಳಬರಿಬ್ಬರು ಒಂದೇ ಕಡೆ ನಿಂತರೆ ಎದುರಾಳಿ ರೈಡರ್ ಪಂದ್ಯವಿಡೀ ಅದೇ ದಾರಿಯಲ್ಲಿ ಬಂದು ಹೋಗುತ್ತಾನೆ.